ಹಲ್ಲಿಗಳ ಚಕ್ಕುಬಂದಿ

ನಮ್ಮ ಬ್ಯಾಂಕಿನ ಹಳಬರ ವಾಟ್ಸ್ಯಾಪ್ ಗುಂಪಿನಲ್ಲಿ ಅವರ ಫೋಟೊ ಬಂದಾಗ ನಾನು ಸಂಭಾಜಿನಗರದ ರೈಲ್ವೆ ಸ್ಟೇಷನ್ನಿನ ಹೊರಗೆ ಒಬ್ಬ ರಿಕ್ಷಾದವನ ಜೊತೆ ಜಗಳವಾಡುತ್ತಿದ್ದೆ. ಫೋಟೊದ ಸುತ್ತ ಹೂವಿನ ಹಾರದ ಚೌಕಟ್ಟು, ಕೆಳಗೆ ಮರಾಠಿಯಲ್ಲಿ ‘ಭಾವಪೂರ್ಣ ಶ್ರದ್ಧಾಂಜಲಿ’. ಜಗಳ ಅಲ್ಲಿಗೇ ಬಿಟ್ಟು ರಿಕ್ಷಾದಲ್ಲಿ ಕೂತೆ. ಸ್ವಲ್ಪ ಹೊತ್ತಿನಲ್ಲಿ ಗುಂಪಿನ ತುಂಬ ಕೈಮುಗಿದ ಚಿತ್ರಗಳು. ಅವುಗಳ ನಡುವೆ ಯಾರೋ ಒಬ್ಬ ಮಹಾಶಯ ಒಂದು ಪುಟ್ಟ ಹಲ್ಲಿಯ ಚಿತ್ರ ಹಾಕಿ, ಆಮೇಲೆ ಬುದ್ಧಿ ಬಂದು ತೆಗೆದ. ಅಷ್ಟರಲ್ಲಿ ನಾನು ನೋಡಿಯಾಗಿತ್ತು. ಅವನು ಯಾರೆಂದು ನನಗೆ ಗೊತ್ತು. ಎದುರಿಗೆ ಸಿಕ್ಕರೂ ಮಾತಾಡಿಸುವುದಿಲ್ಲ.

ನಾನು ಹಾವೇರಿಯಿಂದ ವರ್ಗವಾಗಿ ನಾಸಿಕಕ್ಕೆ ಬಂದ ಮೊದಲ ದಿನವೇ ಅವರನ್ನು ಕಂಡದ್ದು. ಭಾಷೆ ಬಾರದ ಊರು, ಬಾಯಿಗೆ ಬೀಗ ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದೆ. ಎದುರಿನ ಮೇಜಿನಿಂದ ಒಬ್ಬ ಸಣಕಲು ಆಸಾಮಿ, ನನ್ನನ್ನಲ್ಲ, ನನ್ನ ತಲೆಯ ಮೇಲಿನ ಗೋಡೆಯನ್ನು ನೋಡುತ್ತಿದ್ದರು. ಆಮೇಲೆ ಅಪ್ಪಟ ಬಾದಾಮಿ ಕಡೆಯ ಕನ್ನಡದಲ್ಲಿ ಮೆಲ್ಲಗೆ ಹೇಳಿದರು:

“ಹೊಸಾ ಸಾಹೇಬ್ರ, ನಿಮ್ಮ ತಲಿ ಮ್ಯಾಲ ಒಬ್ಬಾಕಿ ಕುಂತಾಳ. ಅಳ್ಳಾಡಬ್ಯಾಡ್ರಿ. ಮೊಟ್ಟಿ ಇಡಾಕ ಜಾಗಾ ನೋಡಾಕತ್ತಾಳ.”

ನಾನು ಕುರ್ಚಿ ಸಮೇತ ಹಾರಿದೆ. ನಗೆ ಕ್ಯಾಶ್ ಕೌಂಟರಿನವರೆಗೂ ಹಬ್ಬಿತು. ಅವರೊಬ್ಬರು ನಗಲಿಲ್ಲ. ಹಲ್ಲಿ ಹೆದರಿ ಟ್ಯೂಬ್‌ಲೈಟಿನ ಹಿಂದೆ ಓಡಿದ್ದಕ್ಕೆ ಅವರಿಗೆ ನನ್ನ ಮೇಲೆ ಬೇಜಾರಾಗಿತ್ತು. ನಾನು ಕನ್ನಡದವನೆಂದು ವರ್ಗದ ಆದೇಶ ನೋಡಿಯೇ ತಿಳಿದುಕೊಂಡಿದ್ದರಂತೆ, ಆದರೂ ನನ್ನ ಹೆಸರು ಕೇಳಿದ್ದು ಮಧ್ಯಾಹ್ನ ಊಟದ ಹೊತ್ತಿಗೆ. ಬ್ಯಾಂಕಿನಲ್ಲಿ ಎಲ್ಲರೂ ಅವರನ್ನು ‘ಪಾಲವಾಲೇ ಸಾಹೇಬ್’ ಎನ್ನುತ್ತಿದ್ದರು, ಹಲ್ಲಿ ಸಾಹೇಬರು ಎಂದು. ಎದುರಿಗೇ ಅನ್ನುತ್ತಿದ್ದರು. ಅವರಿಗೆ ಅದರಲ್ಲಿ ಅವಮಾನವೇನೂ ಕಾಣುತ್ತಿರಲಿಲ್ಲ.

ಆ ಮನುಷ್ಯನ ಕುತ್ತಿಗೆ ಯಾವಾಗಲೂ ಮೇಲಕ್ಕೇ. ಯಾರ ಮನೆಗೆ ಹೋದರೂ ಮನೆಯವರಿಗೆ ನಮಸ್ಕಾರ ಹೇಳುವ ಮುಂಚೆ ಸೂರಿಗೊಂದು ಕಣ್ಣು ಹಾಯಿಸುತ್ತಿದ್ದರು. ಗೃಹಸಾಲ ಕೇಳಿದವರ ಮನೆಗೆ ಹೋದರೆ, ಆ ಮನೆಯವರು ಇವರು ಮನೆ ಕಟ್ಟಿದ ರೀತಿ ಪರೀಕ್ಷೆ ಮಾಡುತ್ತಿದ್ದಾರೆಂದು ತಿಳಿದು, ಸಿಮೆಂಟು ಎಂಥದು, ಕಬ್ಬಿಣ ಎಂಥದು ಎಂದು ವಿವರಿಸತೊಡಗುತ್ತಿದ್ದರು. ನಮ್ಮಲ್ಲಿ ಹಲ್ಲಿ ಲೊಚಗುಟ್ಟಿದರೆ ನೆಲ ತಟ್ಟಿ ಕೃಷ್ಣ ಕೃಷ್ಣ ಎನ್ನುತ್ತೇವಲ್ಲ, ಅಂಥ ನಂಬಿಕೆ ಅಲ್ಲಿಯವರಿಗೂ ಉಂಟು. ಒಮ್ಮೆ ಸಾಲದ ಕಾಗದಕ್ಕೆ ಸಹಿ ಹಾಕುವಾಗ ಹಲ್ಲಿ ಲೊಚಗುಟ್ಟಿತು. ಮುದುಕ ರೈತನೊಬ್ಬ ಶುಭವೋ ಅಶುಭವೋ ತಿಳಿಯದೆ ಪೆನ್ನು ಎತ್ತಿಹಿಡಿದು ಕೂತ. ಇವರು ಮರಾಠಿಯಲ್ಲಿ ಸಮಾಧಾನ ಹೇಳಿ, ನನ್ನ ಕಡೆ ತಿರುಗಿ ಕನ್ನಡದಲ್ಲಿ, “ಅದು ಹೆಂಡ್ತೀನ ಕರ್ಯಾಕತ್ತೈತಿ ಮಾರಾಯ್ರ, ಸಾಲಕ್ಕ ಸಾಕ್ಷಿ ಹೇಳಾಕ ಬಂದಿಲ್ಲ” ಎಂದರು.

ಅವರ ಮುಖ್ಯ ಕೆಲಸ ಕೃಷಿ ಸಾಲದ್ದು. ಹಳ್ಳಿಗಳಿಗೆ ಹೋಗಿ ಹೊಲ ನೋಡಿ ವರದಿ ಬರೆಯಬೇಕು. ವರದಿಯಲ್ಲಿ ಹೊಲದ ಚಕ್ಕುಬಂದಿ ಬರೆಯಬೇಕು, ಅಂದರೆ ಪೂರ್ವಕ್ಕೇನು, ಪಶ್ಚಿಮಕ್ಕೇನು, ಉತ್ತರಕ್ಕೆ, ದಕ್ಷಿಣಕ್ಕೆ ಏನು ಎಂದು. ನಾವೆಲ್ಲ ಇಂಥವನ ಹೊಲ, ಸರಕಾರಿ ರಸ್ತೆ, ಹಳ್ಳ ಎಂದು ಗೀಚಿ ಮುಗಿಸುತ್ತೇವೆ. ಇವರು ಬರೆದ ಚಕ್ಕುಬಂದಿ ಓದಿದರೆ ಕಣ್ಣುಕಟ್ಟಿ ಬಿಟ್ಟರೂ ಆ ಹೊಲಕ್ಕೆ ಹೋಗಿ ನಿಲ್ಲಬಹುದಿತ್ತು. ಪೂರ್ವಕ್ಕೆ ಸಿಡಿಲು ಬಡಿದು ಒಂದು ಮಗ್ಗಲು ಒಣಗಿದ ಬೇವು, ಅದರ ಬುಡಕ್ಕೆ ಸಿಂಧೂರ ಹಚ್ಚಿದ ಕಲ್ಲು, ಹೀಗೆ. “ಹೊಲಾ ಮಾತಾಡೂದಿಲ್ರಿ ಸರ. ಅದರ ಪರವಾಗಿ ನಾವ ಬರೀಬೇಕು, ಸರಿಯಾಗಿ ಬರೀಬೇಕು” ಎನ್ನುತ್ತಿದ್ದರು. ಮ್ಯಾನೇಜರರು ಹೊಸದಾಗಿ ಬಂದವರಿಗೆ ಆ ವರದಿಗಳನ್ನು ಮಾದರಿಯೆಂದು ತೋರಿಸುತ್ತಿದ್ದರು. ನನಗೂ ತೋರಿಸಿದ್ದರು, ನಾನು ಕಲಿಯಲಿಲ್ಲ.

ಮನೆಯಲ್ಲಿ ವೈನಿಗೆ ಹಲ್ಲಿ ಕಂಡರೆ ಆಗುತ್ತಿರಲಿಲ್ಲ. ವೈನಿ ಎಂದರೆ ಅವರ ಹೆಂಡತಿ, ನಾನು ಹಾಗೆಯೇ ಕರೆಯುತ್ತಿದ್ದದ್ದು. ಪಂಚಾಂಗದಲ್ಲಿ ಯಾವ ಅಂಗದ ಮೇಲೆ ಹಲ್ಲಿ ಬಿದ್ದರೆ ಏನು ಫಲ ಎಂಬ ಪುಟವನ್ನು ಮಡಚಿ ಅಡುಗೆಮನೆಯಲ್ಲಿ ಇಟ್ಟುಕೊಂಡಿದ್ದರು. ನನಗೆ ಒಮ್ಮೆ ಚಹಾ ಕೊಡುತ್ತ ಹೇಳಿದರು: “ನಮಗ ಬಿದ್ರ ಫಲ ನೋಡ್ಕೊಂಡು ತಲಿಮ್ಯಾಲ ನೀರ ಹಾಕ್ಕೋಬೋದ್ರಿ ಅಣ್ಣಾರ. ಇವರಿಗೆ ದಿನಾ ಬೀಳ್ತಾವ. ಎಷ್ಟಂತ ಫಲ ನೋಡೂದು?” ಅವರು ಒಳಕೋಣೆಯಿಂದಲೇ, “ನನಗ ಫಲ ಸಿಕ್ಕೇ ಬಿಟ್ಟೈತಲ್ಲ, ನೀ ಸಿಕ್ಕೀಯಲ್ಲ” ಎಂದು ಕೂಗಿದರು. ವೈನಿ ನಾಚಲಿಲ್ಲ, ಲಟ್ಟಣಿಗೆ ತೋರಿಸಿದರು.

ಡಬ್ಬಿ ಆಟದ ಹುಚ್ಚು ಹತ್ತಿದ್ದು ನಾಸಿಕದಲ್ಲೇ. ಊರ ಹೊರಗೆ ಗುಡ್ಡದ ಮೇಲಿನ ಹಳೆಯ ಗುಹೆಗಳಿಗೆ ಅವರು ರವಿವಾರ ಬಂಡೆಯ ಹಲ್ಲಿ ನೋಡಲು ಹೋಗುತ್ತಿದ್ದರು. ಒಂದು ದಿನ ಅಲ್ಲೊಬ್ಬ ಬಿಳಿಯ ಪ್ರವಾಸಿ ಬಂಡೆಗಳ ಸಂದಿನಲ್ಲಿ ತಲೆ ತೂರಿಸಿ ತಡಕಾಡುತ್ತಿದ್ದನಂತೆ. ಹಲ್ಲಿ ಹಿಡಿಯುವವನೇ ಇರಬೇಕೆಂದು ಇವರು ಕೊರಳಪಟ್ಟಿಗೇ ಕೈ ಹಾಕಿದರಂತೆ. ಅವನು ಗಾಬರಿಯಿಂದ ಒಂದು ಪುಟ್ಟ ಡಬ್ಬಿ ತೋರಿಸಿದ. ಒಳಗೆ ಸುತ್ತಿಟ್ಟ ಕಾಗದ, ಅದರಲ್ಲಿ ಯಾರ್ಯಾರದೋ ಹೆಸರು. ಜಿಯೋಕ್ಯಾಶಿಂಗ್ ಎಂದು ಹೇಳಿದ. ಆಟ ಇಷ್ಟೇ. ಯಾರೋ ಒಬ್ಬರು ಎಲ್ಲೋ ಒಂದು ಡಬ್ಬಿ ಅಡಗಿಸಿ, ಆ ಜಾಗದ ಅಕ್ಷಾಂಶ ರೇಖಾಂಶವನ್ನು ಇಂಟರ್ನೆಟ್ಟಿನಲ್ಲಿ ಹಾಕುತ್ತಾರೆ. ಗುರುತಿಲ್ಲದವರು ಫೋನು ಹಿಡಿದು ಬಂದು ಹುಡುಕಿ, ಒಳಗಿನ ಕಾಗದದಲ್ಲಿ ಹೆಸರು ಬರೆದು, ಇದ್ದ ಹಾಗೆಯೇ ಇಟ್ಟು ಹೋಗುತ್ತಾರೆ. ಬಹುಮಾನವಿಲ್ಲ, ಚಪ್ಪಾಳೆಯಿಲ್ಲ. ಮಾಡಲು ಕೆಲಸವಿಲ್ಲದವರ ಆಟ ಎಂದು ನಾನು ಹೇಳಿದೆ. ಅವರ ಕಿವಿಗೆ ಅದು ಬೀಳಲೇ ಇಲ್ಲ.

ಮಳೆಗಾಲ ಮುಗಿಯುವುದರೊಳಗೆ ಅವರದೇ ಡಬ್ಬಿಗಳ ಸಾಲು, ‘ಹಲ್ಲಿಗಳ ಹಾದಿ’, ಸಿದ್ಧವಾಯಿತು. ಮೊದಲ ಡಬ್ಬಿ ಪಂಚವಟಿಯಲ್ಲಿ, ನದಿಗೆ ಇಳಿಯುವ ಓಣಿಯ ಹಳೆಯ ವಾಡೆಯ ಗೋಡೆಯಲ್ಲಿ, ಮನೆಹಲ್ಲಿಯ ಹೆಸರಿನಲ್ಲಿ. ಎರಡನೆಯದು ಒಂದು ಹುಣಸೆಮರದ ಪೊಟರೆಯಲ್ಲಿ, ತೊಗಟೆಯ ಬಣ್ಣವೇ ಆಗಿಬಿಡುವ ಹಲ್ಲಿಗೆ. ಮೂರನೆಯದು ಗುಹೆಯ ಗುಡ್ಡದಲ್ಲಿ, ಅಂಗೈಗಿಂತ ಉದ್ದದ ಬಂಡೆಹಲ್ಲಿಗೆ. ಮಾತ್ರೆಯ ಖಾಲಿ ಡಬ್ಬಿಗಳು, ಪ್ರತಿಯೊಂದರಲ್ಲೂ ಆ ಹಲ್ಲಿಯ ಚಿತ್ರ, ಅವರೇ ಬಣ್ಣದ ಪೆನ್ಸಿಲ್ಲಿನಲ್ಲಿ ಬಿಡಿಸಿದ್ದು. ಒಂದು ಹಲ್ಲಿಯನ್ನು ನೋಡಿದವರಿಗೆ ಮುಂದಿನ ಹಲ್ಲಿಯ ಸುಳಿವು. ವಾರಗಟ್ಟಲೆ ಯಾರೂ ಬರಲಿಲ್ಲ. ಆಮೇಲೆ ಪುಣೆಯಿಂದ ಗಂಡ ಹೆಂಡತಿ ಬಂದರು, ಮುಂಬಯಿಯಿಂದ ಒಬ್ಬ ಡಾಕ್ಟರು ಬಂದರು. ಡಬ್ಬಿ ಸಿಗಲಿಲ್ಲ ಎಂದು ಯಾರಾದರೂ ಬರೆದರೆ ಇವರಿಗೆ ನಿದ್ದೆ ಹತ್ತುತ್ತಿರಲಿಲ್ಲ. ಅಡಗಿಸಿದವನೇ ಹೋಗಿ ನೋಡಿ ಸರಿಪಡಿಸಬೇಕು, ಅದು ಆ ಆಟದ ಕಟ್ಟಳೆ. ಬೆಳಿಗ್ಗೆ ಬ್ಯಾಂಕಿಗೆ ಬರುವ ಮುಂಚೆ ಸ್ಕೂಟರು ಹತ್ತಿ ಹುಣಸೆಮರಕ್ಕೆ ಹೋಗಿಬರುತ್ತಿದ್ದರು, ಪ್ಯಾಂಟಿಗೆಲ್ಲ ಬಿಳಿ ಧೂಳು.

ಸಂಭಾಜಿನಗರಕ್ಕೆ ಅವರಿಗೆ ವರ್ಗವಾಯಿತು. ಹಿಂದೆಯೇ ನನಗೂ ಆಯಿತು. ಹಾದಿಯೂ ಅವರ ಜೊತೆ ವರ್ಗವಾಗಿ ಬಂದಿತು. ಪೈಠಣದ ಒಂದು ಹಳೆಯ ಕಲ್ಲುಗೋಡೆಯಲ್ಲಿ ಚುಕ್ಕಿಯ ಹಲ್ಲಿಗೆ ಒಂದು ಡಬ್ಬಿ, ವೇರೂಳಿನ ದಾರಿಯಲ್ಲಿ ಕರಿಬಂಡೆಯ ಹಲ್ಲಿಗೆ ಒಂದು. ಕೊನೆಯದು ಚಿರತೆಹಲ್ಲಿಗೆ. ಅದು ಎಲ್ಲಿ ಎಂದು ನಾನು ಬರೆಯುವುದಿಲ್ಲ. ಸಂಭಾಜಿನಗರದಿಂದ ಹೊರಟ ಯಾವುದೋ ಒಂದು ರಸ್ತೆ, ರಸ್ತೆಯ ಪಕ್ಕ ಒಂದು ಬೋಳುಗುಡ್ಡ, ಗುಡ್ಡದ ಕೆಳಗೆ ಒಂದು ಕಲ್ಲುಗುಪ್ಪೆ ಎಂದಷ್ಟೇ ತಿಳಿದುಕೊಳ್ಳಿ.

ಚಿರತೆಹಲ್ಲಿಯನ್ನು ನಾನು ನೋಡಿದ್ದು ಅವರ ಜೊತೆಗೇ, ಒಂದು ಸಂಜೆ, ಮೊದಲ ಮಳೆಯ ಮರುದಿನ. ನಮ್ಮ ಮನೆಹಲ್ಲಿಯ ಹಾಗೆ ಗೋಡೆ ಹತ್ತುವ ಜಾತಿಯಲ್ಲ. ನೆಲದ ಮೇಲೆ ಬೆಕ್ಕಿನ ಹಾಗೆ ಕಾಲು ಎತ್ತಿಟ್ಟು ನಡೆಯುತ್ತದೆ. ಹಳದಿ ಮೈ, ಮೇಲೆ ಕಂದು ಚುಕ್ಕೆ, ದಪ್ಪ ಬಾಲ. ಬೇರೆ ಹಲ್ಲಿಗಳಿಗೆ ಇಲ್ಲದ ರೆಪ್ಪೆ ಅದಕ್ಕಿದೆ. ಅವರು ಕಲ್ಲನ್ನು ಎತ್ತುವ ಮುಂಚೆ ಬೆರಳಿನ ಗೆಣ್ಣಿನಿಂದ ಬಾಗಿಲು ಬಡಿಯುವ ಹಾಗೆ ಬಡಿದು, “ಮನ್ಯಾಗ ಅದೀರೇನ್ರಿ?” ಎಂದು ಕೇಳುತ್ತಿದ್ದರು. ಎತ್ತಿದ ಕಲ್ಲನ್ನು ಮಣ್ಣು ಹತ್ತಿದ ಮಗ್ಗಲು ಕೆಳಗೇ ಬರುವಂತೆ, ಅದೇ ಗುಣಿಯಲ್ಲಿ, ಮಗುವನ್ನು ಮಲಗಿಸುವಂತೆ ಇಡುತ್ತಿದ್ದರು. ನಾನು ಎಷ್ಟೋ ಜನ ಭಕ್ತರನ್ನು ನೋಡಿದ್ದೇನೆ. ದೇವರ ಮುಂದೆ ಅಷ್ಟು ಮರ್ಯಾದೆಯಿಂದ ನಡೆದುಕೊಂಡವರನ್ನು ಹೆಚ್ಚು ನೋಡಿಲ್ಲ.

ಗುಡ್ಡದ ಆಚೆ ಒಂದು ಕಟ್ಟಡದ ಕೆಲಸ ನಡೆದಿತ್ತು. ಸಿಂದಗಿ ಕಡೆಯ ಕೂಲಿಯವರು ತಗಡಿನ ಗುಡಿಸಲು ಹಾಕಿಕೊಂಡು ಅಲ್ಲೇ ಇದ್ದರು. ಈ ಹಲ್ಲಿ ಕಡಿದರೆ ನೀರು ಕೇಳುವಷ್ಟು ಹೊತ್ತೂ ಬದುಕುವುದಿಲ್ಲ ಎಂದು ಅವರೆಲ್ಲ ನಂಬಿದ್ದರು. ಕಂಡಲ್ಲಿ ಹೊಡೆದು ಕೋಲಿನ ತುದಿಯಲ್ಲಿ ಎತ್ತಿ ಬೆಂಕಿಗೆ ಹಾಕುತ್ತಿದ್ದರು. ಇವರು ರವಿವಾರ ರವಿವಾರ ಹೋಗಿ, ಅವರ ಜೊತೆ ಜೋಳದ ರೊಟ್ಟಿ ತಿಂದು, ತಮ್ಮ ಕೈಯ ಮೇಲೆಯೇ ಹಲ್ಲಿಯನ್ನು ಹತ್ತಿಸಿಕೊಂಡು ತೋರಿಸಿ ಹೊಡೆಯುವುದನ್ನು ಬಿಡಿಸಿದರು. “ಗೊತ್ತಿಲ್ಲ ಅಂತ ಹೊಡೀತಾರ್ರಿ ಸರ. ಒಮ್ಮೆ ಕಣ್ಣಾರೆ ನೋಡಿದ್ರ ಯಾರೂ ಹೊಡ್ಯಾಂಗಿಲ್ಲ” ಎಂದು ನನಗೆ ಹೇಳಿದರು. ಇದು ಅವರ ಧರ್ಮ. ಇದರ ಮೇಲೆಯೇ ಆ ಹಾದಿ ನಿಂತದ್ದು. ಜನ ಬರಬೇಕು, ನೋಡಬೇಕು, ನೋಡಿದವರು ಪ್ರೀತಿಸಬೇಕು. ಆ ಕಲ್ಲುಗುಪ್ಪೆಯ ಸಂಸಾರ ಉಳಿಯಬೇಕು.

ಆದ್ದರಿಂದ ಕೊನೆಯ ಡಬ್ಬಿಯನ್ನು ಅವರು ಕಲ್ಲುಗುಪ್ಪೆಯ ಪಕ್ಕದಲ್ಲೇ ಇಟ್ಟರು. ಈ ಆಟದಲ್ಲಿ ಎಲ್ಲರೂ ಸುಳಿವನ್ನು ಒಗಟಿನ ಹಾಗೆ ಬರೆಯುತ್ತಾರಂತೆ. ಇವರಿಗೆ ಒಗಟು ಬರೆಯಲು ಬರುತ್ತಿರಲಿಲ್ಲ. ಹೊಲದ ಚಕ್ಕುಬಂದಿ ಬರೆದ ಹಾಗೆಯೇ ಹಲ್ಲಿಯ ಮನೆಯ ಚಕ್ಕುಬಂದಿಯನ್ನು ಇಂಗ್ಲಿಷಿನಲ್ಲಿ ಬರೆದರು. ಪೂರ್ವಕ್ಕೆ ಬಾಗಿದ ಜಾಲಿಮರ, ಪಶ್ಚಿಮಕ್ಕೆ ಹಾಳುಬಾವಿ, ಉತ್ತರಕ್ಕೆ ಒಡ್ಡು, ದಕ್ಷಿಣಕ್ಕೆ ಗಾಡಿದಾರಿ. ಇವನ್ನೂ ನಾನು ಬದಲಿಸಿ ಬರೆದಿದ್ದೇನೆ. ಅದರ ಕೆಳಗೆ, ಮಳೆ ಬಿದ್ದ ಮೇಲೆ ಹೊತ್ತು ಮುಳುಗುವಾಗ ಬನ್ನಿ, ಚಪ್ಪಟೆ ಕಲ್ಲುಗಳ ಕೆಳಗೆ ಇರುತ್ತವೆ, ಒಂದಲ್ಲ, ಹತ್ತಾರು, ದಯವಿಟ್ಟು ಸದ್ದು ಮಾಡಬೇಡಿ ಎಂದು ಬರೆದರು.

ಅದನ್ನು ನಮಗೆ ಓದಿ ಹೇಳಿದಾಗ ವೈನಿ ಪಲ್ಯ ಹೆಚ್ಚುತ್ತಿದ್ದರು. “ಯಾರದರ ಮನೀ ವಿಳಾಸ ಹಿಂಗ ಊರ ಮಂದಿಗೆಲ್ಲಾ ಹೇಳ್ತಾರೇನ್ರಿ? ಯಾವಾಗ ಮನ್ಯಾಗ ಇರ್ತಾರ ಅನ್ನೂದೂ ಹೇಳೀರಲ್ಲ” ಎಂದರು.

“ಹಲ್ಲೀಗೆ ಏನ್ ಬಂಗಾರ ಐತೇನ, ಕಳ್ಳರು ಬರಾಕ?” ಎಂದು ಅವರು ನಕ್ಕರು. ನಾವೂ ನಕ್ಕೆವು.

ಆ ಮಳೆಗಾಲದಲ್ಲಿ ಜನ ಬರತೊಡಗಿದರು. ಬೇರೆ ಡಬ್ಬಿಗಳನ್ನೆಲ್ಲ ಬಿಟ್ಟು ನೇರವಾಗಿ ಕೊನೆಯದಕ್ಕೇ ಬರುತ್ತಿದ್ದರು. ‘ಸಿಕ್ಕಿತು, ಧನ್ಯವಾದ’, ‘ಅದ್ಭುತ ಜಾಗ’, ‘ಮತ್ತೆ ಬರುತ್ತೇವೆ’ ಎಂಬ ಮಾತುಗಳು ಅವರ ಫೋನಿಗೆ ಬರುತ್ತಿದ್ದವು. ಅವರು ಬ್ಯಾಂಕಿಗೆಲ್ಲ ಪೇಡೆ ಹಂಚಿದರು. ಅಷ್ಟು ಸಂತೋಷವಾಗಿದ್ದ ಅವರನ್ನು ನಾನು ಮತ್ತೆ ನೋಡಲಿಲ್ಲ. ಆಗ ಬ್ಯಾಂಕಿನಲ್ಲಿ ಅರೆವರ್ಷದ ಲೆಕ್ಕ ಮುಗಿಸುವ ಗಡಿಬಿಡಿ ಬಂತು, ಕೆಲವು ರವಿವಾರ ಅವರಿಗೆ ಹೋಗಲಾಗಲಿಲ್ಲ. ಕಡೆಗೆ ಒಂದು ದಿನ, “ನಡೀರಿ ಸರ, ನಮ್ಮ ಮಂದೀನ ಮಾತಾಡ್ಸಿಕೊಂಡು ಬರೂಣು” ಎಂದು ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡರು.

ಕಲ್ಲುಗುಪ್ಪೆ ಇದ್ದಲ್ಲಿ ಕಲ್ಲುಗಳು ಇದ್ದವು, ಗುಪ್ಪೆ ಇರಲಿಲ್ಲ. ಒಂದೊಂದು ಕಲ್ಲನ್ನೂ ಎತ್ತಿ ಬಿಸಾಡಿದ್ದರು. ಮಣ್ಣು ಹತ್ತಿದ ಮಗ್ಗಲು ಮೇಲಾಗಿ ಬಿಸಿಲಿಗೆ ಬೆಳ್ಳಗೆ ಒಣಗಿತ್ತು. ನೆಲವನ್ನು ಗುದ್ದಲಿಯಿಂದ ಅಗೆದಿದ್ದರು. ಒಡೆದ ಮೊಟ್ಟೆಯ ಸಿಪ್ಪೆಗಳು, ತುಂಡಾಗಿ ಬಿದ್ದ ಒಂದು ಬಾಲ, ಅದಕ್ಕೆ ಮುತ್ತಿದ ಇರುವೆ. ಡಬ್ಬಿ ಮಾತ್ರ ತನ್ನ ಜಾಗದಲ್ಲಿ, ಮುಚ್ಚಳ ಭದ್ರವಾಗಿ ಹಾಕಿಕೊಂಡು, ಇದ್ದ ಹಾಗೆಯೇ ಇತ್ತು. ಆಟದ ನಿಯಮವನ್ನು ಪಾಲಿಸಿ ಹೋಗಿದ್ದರು ಪುಣ್ಯಾತ್ಮರು.

ಗುಡಿಸಲಿನಿಂದ ಒಬ್ಬ ಹೆಂಗಸು ತಲೆಯ ಮೇಲಿನ ಸೆರಗು ಸರಿಮಾಡಿಕೊಳ್ಳುತ್ತ ಓಡಿ ಬಂದಳು. ಅವಳನ್ನು ನಾನು ಮುಂಚೆಯೂ ಕಂಡಿದ್ದೆ, ಇವರಿಗೆ ರೊಟ್ಟಿ ಕೊಡುತ್ತಿದ್ದವಳು. “ಸಾಹೇಬ್ರ, ಕಾರ್ ತಗೊಂಡು ಬಂದಿದ್ರರಿ. ಎಲ್ಡ ಸಲ ಬಂದಿದ್ರು. ಕೈಗೆ ರಬ್ಬರ್ ಗವಸ ಹಾಕ್ಕೊಂಡಿದ್ರು, ಬಕೀಟ್ ಇದ್ದೂರಿ. ನಾವು ನಿಮ್ಮ ಮಂದಿ ಅಂತ ತಿಳಕೊಂಡಿವ್ರಿ. ಕೈಯಾಗ ಫೋನ್ ಹಿಡಕೊಂಡು ನಿಮ್ಮಂಗನ ಹುಡುಕತಿದ್ರಲ್ಲ. ನನ್ನ ಗಂಡ ಒಂದ ದೊಡ್ಡ ಕಲ್ಲ ಎತ್ತಾಕ ಕೈನೂ ಹಚ್ಚ್ಯಾನ್ರಿ. ನಾ ನೀರ ಕೊಟ್ನಿ.”

ಅವಳು ಅಳತೊಡಗಿದಳು. ಅವರು ಅವಳನ್ನು ಸಮಾಧಾನ ಮಾಡಿದರು. ನಿನ್ನ ತಪ್ಪಲ್ಲ ತಂಗಿ, ನೀರು ಕೊಡುವುದು ತಪ್ಪಲ್ಲ ಎಂದು ಎರಡೆರಡು ಸಲ ಹೇಳಿದರು. ಸ್ಕೂಟರಿನ ಕೀಲಿಯನ್ನು ನನಗೆ ಕೊಟ್ಟರು, ನಾನೇ ನಡೆಸಿದೆ. ದಾರಿಯಲ್ಲಿ ಹಿಂದಿನಿಂದ ಅವರ ದನಿ ಕೇಳಿತು: “ಗೊತ್ತಿಲ್ಲದವ್ರು ಒಂದೊಂದ ಹೊಡೀತಿದ್ರು. ಗೊತ್ತಿದ್ದವ್ರು ಎಲ್ಲಾ ಒಯ್ದ್ರು.”

ದೊಡ್ಡ ಊರುಗಳಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಹಲ್ಲಿ ಸಾಕುವ ಶೋಕಿಯವರಿದ್ದಾರೆಂದು, ಅವರಿಗೆ ಮಾರುವವರಿದ್ದಾರೆಂದು ನಮಗೆ ಆಮೇಲೆ ತಿಳಿಯಿತು. ಇವರು ಮರುದಿನ ರಜೆ ಹಾಕಿ ಅರಣ್ಯ ಇಲಾಖೆಯ ಕಚೇರಿಗೆ ಹೋದರು. ನಾನೂ ಹೋದೆ. ಕಳುವಿನ ದೂರು ಕೊಡಲು ಹೋದ ಮನುಷ್ಯ ತಪ್ಪೊಪ್ಪಿಗೆ ಕೊಡುವವರ ಹಾಗೆ ಕೈಕಟ್ಟಿ ನಿಂತರು. ದಾರಿ ತೋರಿಸಿದವನು ನಾನೇ, ನನ್ನ ಹೆಸರನ್ನೇ ಮೊದಲು ಬರೆದುಕೊಳ್ಳಿ ಎಂದರು. ಅಲ್ಲಿನ ಸಾಹೇಬರು ಸಭ್ಯರು, ಕೂರಿಸಿದರು, ಚಹಾ ತರಿಸಿದರು, ಎಲ್ಲ ಬರೆದುಕೊಂಡರು. ಮೂಲೆಯಲ್ಲಿ ಕೂತಿದ್ದ ಒಬ್ಬ ಗುಮಾಸ್ತ ಮಾತ್ರ ತಡೆಯಲಾರದೆ, “ಪಾಲೀಸಾಠೀ?” ಎಂದ. ಹಲ್ಲಿಗೋಸ್ಕರವಾ? ಎಂದು. ಇವರು ಅವನತ್ತ ತಿರುಗಿ, “ಹೋ, ಪಾಲೀಸಾಠೀ” ಎಂದರು, ಹೌದು, ಹಲ್ಲಿಗೋಸ್ಕರವೇ ಎಂದು. ಕಾರಿನ ನಂಬರು ಯಾರಿಗೂ ಗೊತ್ತಿರಲಿಲ್ಲ. ಆಟದಲ್ಲಿ ಬರೆದ ಹೆಸರುಗಳೆಲ್ಲ ಸುಳ್ಳು ಹೆಸರು. ಇವರಿಗೆ ಬೇಕಾಗಿದ್ದದ್ದು ತಮಗೊಂದು ಶಿಕ್ಷೆ. ಅದನ್ನು ಕೊಡುವವರು ಯಾರೂ ಸಿಗಲಿಲ್ಲ.

ಮುಂದಿನ ದಿನಗಳಲ್ಲಿ ಅವರು ಹಾದಿಯನ್ನು ಕಿತ್ತರು. ಪೈಠಣದ ಡಬ್ಬಿ, ವೇರೂಳಿನ ಡಬ್ಬಿ, ಆಮೇಲೆ ಬಸ್ಸು ಹಿಡಿದು ಹೋಗಿ ನಾಸಿಕದವು. ಇಂಟರ್ನೆಟ್ಟಿನಲ್ಲಿ ಬರೆದದ್ದನ್ನೂ ಅಳಿಸಿದರು. ಆದರೆ ಅಷ್ಟರಲ್ಲಿ ಯಾರೋ ಅದನ್ನು ಎತ್ತಿ ಬೇರೆ ಕಡೆ ಹಾಕಿದ್ದರು, ಅಲ್ಲಿಂದ ಇನ್ಯಾರೋ ಇನ್ನೊಂದು ಕಡೆ. ತೆಗೆಯಿರಿ ಎಂದು ಇವರು ಎಲ್ಲರಿಗೂ ಬರೆದರು. ಒಬ್ಬ ತೆಗೆದ, ಉಳಿದವರು ಉತ್ತರವನ್ನೂ ಕೊಡಲಿಲ್ಲ. ಇಂದಿಗೂ ಅವರ ಹೆಸರು ಹಾಕಿ ಹುಡುಕಿದರೆ ಆ ಚಕ್ಕುಬಂದಿ ಅಕ್ಷರ ತಪ್ಪದೆ ಎದುರಿಗೆ ಬರುತ್ತದೆ. ಅದಕ್ಕೇ ಇಲ್ಲಿ ಅವರ ಹೆಸರು ಬರೆದಿಲ್ಲ. ಒಳ್ಳೆಯ ಹೆಸರು, ಬರೆಯಬೇಕೆಂದು ನನಗೆ ಬಹಳ ಆಸೆಯಿತ್ತು.

ಆಮೇಲೆ ಅವರ ಕುತ್ತಿಗೆ ಕೆಳಗಿಳಿಯಿತು. ಬ್ಯಾಂಕಿನಲ್ಲಿ ಹಲ್ಲಿ ತಲೆಯ ಮೇಲೆಯೇ ಲೊಚಗುಟ್ಟಿದರೂ ನೋಡುತ್ತಿರಲಿಲ್ಲ. ಯಾರಾದರೂ ದಾರಿ ಕೇಳಿದರೆ, ಪಾಸ್‌ಬುಕ್ ಕೌಂಟರ್ ಎಲ್ಲಿ ಎಂದು ಕೇಳಿದರೂ, ಗೊತ್ತಿಲ್ಲ ಎನ್ನುತ್ತಿದ್ದರು. ಅವರ ಹೊಲದ ವರದಿಯೊಂದು ಮ್ಯಾನೇಜರರ ಮೇಜಿಗೆ ಬಂದಾಗ ನಾನು ಅಲ್ಲೇ ಇದ್ದೆ. ಪೂರ್ವಕ್ಕೆ ಹೊಲ, ಪಶ್ಚಿಮಕ್ಕೆ ಹೊಲ, ಉತ್ತರಕ್ಕೆ ಹೊಲ, ದಕ್ಷಿಣಕ್ಕೆ ಹೊಲ. ಹೀಗೆ ಬರೆದರೆ ಯಾವ ಹೊಲ ಎಂದು ಹೇಗೆ ತಿಳಿಯಬೇಕು ಎಂದು ಮ್ಯಾನೇಜರರು ರೇಗಿದರು. “ತಿಳೀಬಾರದು ಸಾಹೇಬ್” ಎಂದು ಇವರು ಹಿಂದಿಯಲ್ಲಿ ಹೇಳಿ ಹೊರಗೆ ಬಂದರು. ವರದಿಯ ಕೆಲಸವನ್ನು ಅವರಿಂದ ತೆಗೆದು ಬೇರೆಯವರಿಗೆ ಕೊಟ್ಟರು.

ನಿವೃತ್ತಿಯ ದಿನ ಶಾಲು, ತೆಂಗಿನಕಾಯಿ, ಭಾಷಣ. ಕಡೆಗೆ ಹುಡುಗರೆಲ್ಲ ಸೇರಿ ಒಂದು ಉಡುಗೊರೆ ಕೊಟ್ಟರು. ಕಟ್ಟು ಹಾಕಿದ ಚಿರತೆಹಲ್ಲಿಯ ದೊಡ್ಡ ಬಣ್ಣದ ಚಿತ್ರ. ಪ್ರೀತಿಯಿಂದಲೇ ತಂದದ್ದು, ಆ ಹುಡುಗರಿಗೆ ಏನು ಗೊತ್ತು? ಇವರು ಅದನ್ನು ಎರಡು ಕೈಯಲ್ಲಿ ಹಿಡಿದುಕೊಂಡು ನಿಂತರು. ಮಾತಾಡಿ ಎಂದು ಎಲ್ಲರೂ ಒತ್ತಾಯಿಸಿದರು. “ಎಲ್ಲರಿಗೂ ನಮಸ್ಕಾರ” ಎಂದು ಕನ್ನಡದಲ್ಲೇ ಹೇಳಿ ಕೂತುಬಿಟ್ಟರು. ನನಗೆ ಆ ಹೊತ್ತು ಅಲ್ಲಿರಲಾಗದೆ ನೀರು ಕುಡಿಯುವ ನೆಪ ಮಾಡಿ ಹೊರಗೆ ಬಂದೆ.

ನಿವೃತ್ತರಾದವರು ಊರಿಗೆ ಹೋಗಲಿಲ್ಲ. ಮಗಳು ಪುಣೆಗೆ ಕರೆದಳು, ಅಲ್ಲಿಗೂ ಹೋಗಲಿಲ್ಲ. ದಿನಾ ಬೆಳಿಗ್ಗೆ ಆ ಗುಡ್ಡದ ಬುಡಕ್ಕೆ ಹೋಗಿ ಕಲ್ಲುಗಳನ್ನು ಮೊದಲಿನ ಹಾಗೆ ಜೋಡಿಸುತ್ತಿದ್ದರು. ಯಾವ ಕಲ್ಲು ಯಾವ ಗುಣಿಯದೆಂದು ಮಣ್ಣಿನ ಗುರುತು ನೋಡಿ ಹುಡುಕುತ್ತಿದ್ದರು. ನಾನು ಒಮ್ಮೆ ಜೊತೆಗೆ ಹೋದಾಗ, “ಮತ್ತ ಬರ್ತಾವೇನ್ರಿ?” ಎಂದು ಕೇಳಿದೆ. “ಬರಬಾರ್ದು” ಎಂದರು. “ಇಲ್ಲಿ ಬರಬಾರ್ದ್ರಿ ಅವು. ಆದ್ರ ಬಂದ್ರ ಮನೀ ಇರ್ಬೇಕಲ್ಲ.” ಕೂಲಿಯವರು ಕೆಲಸ ಮುಗಿಸಿ ಬೇರೆ ಕಡೆ ಹೋಗಿದ್ದರು. ರೊಟ್ಟಿ ಕೊಡುವವರೂ ಇರಲಿಲ್ಲ. ಬಿಸಿಲಿನಲ್ಲಿ ಒಬ್ಬರೇ ಕಲ್ಲು ಹೊರುವ ಆ ಮನುಷ್ಯನನ್ನು ರಸ್ತೆಯಲ್ಲಿ ಹೋಗುವವರು ಏನೆಂದುಕೊಂಡರೋ. ಬೇಸಗೆಯ ಒಂದು ಬೆಳಿಗ್ಗೆ ಹೊರಡಲೆಂದು ಚಪ್ಪಲಿ ಮೆಟ್ಟುವಾಗ ಹೊಸಿಲಲ್ಲೇ ಕುಸಿದರು. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮೊದಲ ಮಳೆ ಬಿದ್ದ ಮರುದಿನ ವೈನಿಯ ಫೋನು ಬಂತು. “ಅಣ್ಣಾರ, ನನ್ನ ಅಲ್ಲಿಗೊಮ್ಮೆ ಕರ್ಕೊಂಡ್ ಹೋಗ್ರಿ. ಅವ್ರ ಜೀವಾ ತಿಂದ ಜಾಗಾ ಎಂಥಾದ್ದು, ನೋಡ್ತೀನಿ.”

ಹೊತ್ತು ಇಳಿಯುವಾಗ ಹೋದೆವು. ವೈನಿ ಗುಪ್ಪೆಯ ಸುತ್ತ ಒಂದು ಸುತ್ತು ಬಂದರು. ಕಲ್ಲುಗಳನ್ನು ಎಷ್ಟು ಒಪ್ಪವಾಗಿ ಇಟ್ಟಿದ್ದರೆಂದರೆ ಯಾರೂ ಯಾವತ್ತೂ ಮುಟ್ಟಿಲ್ಲ ಎನ್ನಬೇಕು. “ಮನ್ಯಾಗ ಒಂದ ಪಾತ್ರಿ ನೆಟ್ಟಗ ಇಡ್ತಿದ್ದಿಲ್ರಿ” ಎಂದು ವೈನಿ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಒಡ್ಡಿನ ಮೇಲೆ ಹೋಗಿ ನಿಂತೆ, ಅವರು ಒಬ್ಬರೇ ಸ್ವಲ್ಪ ಹೊತ್ತು ಇರಲಿ ಎಂದು.

ಅಷ್ಟರಲ್ಲಿ ಗಾಡಿದಾರಿಯಲ್ಲಿ ಮೋಟಾರ್ ಸೈಕಲ್ಲಿನ ಸದ್ದಾಯಿತು. ಇಬ್ಬರು ಗಂಡಸರು ಇಳಿದರು, ಹೆಗಲಿಗೆ ಚೀಲ, ಹಣೆಗೆ ಬ್ಯಾಟರಿ. ಒಬ್ಬ ಫೋನು ನೋಡುತ್ತ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದುತ್ತಿದ್ದ. ಪೂರ್ವಕ್ಕೆ ಇಂಥದು, ಪಶ್ಚಿಮಕ್ಕೆ ಇಂಥದು. ಅವರ ಮಾತು, ಅಕ್ಷರ ಬಿಡದೆ, ಆ ಬಾಯಲ್ಲಿ. ನಾನು ಒಡ್ಡು ಇಳಿಯುವ ಮುಂಚೆಯೇ ವೈನಿ ಸೀರೆಯ ನೆರಿಗೆ ಹರಡಿಕೊಂಡು ಗುಪ್ಪೆಯ ಚಪ್ಪಟೆ ಕಲ್ಲುಗಳ ಮುಂದೆ ಕೂತುಬಿಟ್ಟಿದ್ದರು.

“ಕಾಕೂ, ಇಥೇ ಪಾಲೀ ಮಿಳತಾತ್ ನಾ?” ಎಂದು ಒಬ್ಬ ಕೇಳಿದ, ಚಿಕ್ಕಮ್ಮ, ಇಲ್ಲಿ ಹಲ್ಲಿ ಸಿಗುತ್ತವಲ್ಲ ಎಂದು.

“ಕಾಯ್ ನಾಹೀ ಬಾಬಾ. ಸಗಳ್ಯಾ ನೇಲ್ಯಾ” ಎಂದರು ವೈನಿ. ಏನೂ ಇಲ್ಲಪ್ಪ, ಎಲ್ಲ ಒಯ್ದರು ಎಂದು, ತಮಗೆ ಬಂದಷ್ಟು ಮರಾಠಿಯಲ್ಲಿ.

“ಪಣ ಲೊಕೇಶನ್ ಇಥಲಂಚ್ ಆಹೇ.” ಆದರೆ ಜಾಗ ಇದೇ ಎಂದು ಅವನು ಫೋನು ತೋರಿಸಿದ. “ಜರಾ ಸರಕಾ ನಾ ಕಾಕೂ, ದಗಡ್ ಬಘತೋ.” ಸ್ವಲ್ಪ ಸರಿಯಿರಿ, ಕಲ್ಲು ನೋಡುತ್ತೇವೆ ಎಂದ.

ವೈನಿ ಸರಿಯಲಿಲ್ಲ. “ಮಾಝಾ ಮಾಣೂಸ್ ಗೇಲಾ ಇಥೇ” ಎಂದರು, ನನ್ನ ಗಂಡ ಇಲ್ಲಿ ಹೋದ ಎಂದು. ಹೇಳಿ ಹಣೆಗೆ ಕೈ ಹಚ್ಚಿ ದೊಡ್ಡ ದನಿ ತೆಗೆದು ಅಳತೊಡಗಿದರು. ನಮ್ಮ ಕಡೆ ಹೆಂಗಸರು ಹೆಣದ ಮುಂದೆ ಹಾಡಿಕೊಂಡು ಅಳುವ ಅಳು, ಕನ್ನಡದಲ್ಲಿ. ಅವರು ಹೋದ ದಿನ ಆಸ್ಪತ್ರೆಯಲ್ಲಿ ವೈನಿ ಹಾಗೆ ಅತ್ತಿರಲಿಲ್ಲ. ಆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಹತ್ತಿರ ಬಂದದ್ದನ್ನೂ ನೋಡಿದರು. ಮೋಟಾರ್ ಸೈಕಲ್ಲು ತಿರುಗಿಸಿಕೊಂಡು ಹೋದರು.

ಸದ್ದು ರಸ್ತೆ ಮುಟ್ಟಿ ಕರಗುವವರೆಗೂ ವೈನಿ ಅಳುತ್ತಲೇ ಇದ್ದರು. ಆಮೇಲೆ ಮೂಗು ಒರೆಸಿಕೊಂಡು, “ಹೋದ್ರೇನ್ರಿ?” ಎಂದರು.

“ಹೋದ್ರು ವೈನಿ. ಏಳ್ರಿ, ಕತ್ತಲಾಗ್ತೈತಿ.”

“ಏಳಾಕ ಬರಂಗಿಲ್ರಿ ಈಗ.” ಅವರ ದನಿ ತೀರ ಸಣ್ಣಗಾಗಿತ್ತು. “ಒಂದ ಐತ್ರಿ ಇಲ್ಲಿ. ಆಗಿಂದ ನನ್ನ ಕಾಲಿನ ಹತ್ರನ ಐತಿ.”

ನಾನು ಒಂದು ಹೆಜ್ಜೆ ಮುಂದಿಟ್ಟೆ. ಅವರು ಕೈ ಎತ್ತಿ ತಡೆದರು.

“ನೀವೂ ನೋಡಬ್ಯಾಡ್ರಿ, ಅಣ್ಣಾರ.”

ಅವರು ತಾವಾಗಿ ಏಳುವವರೆಗೂ ನಾನು ರಸ್ತೆಯ ಕಡೆ ಮುಖ ಮಾಡಿ ನಿಂತಿದ್ದೆ.